ಕೆಂಪು ದೀಪ ಆರದ ಅಂಬಾಸಡರ್

ಜಮಖಂಡಿಯ ಓದುಗರೊಬ್ಬರ ಮನೆಯಲ್ಲಿ ತಂದೆಯ ಕಾಲದ ಅಂಬಾಸಡರ್ ಇದೆ. ಎಂಜಿನ್ ವೇಗ ಹೆಚ್ಚಿದರೂ ಚಾರ್ಜಿಂಗ್ ದೀಪ ಆರುವುದಿಲ್ಲ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಬೇಕೇ ಎಂದು ಅವರ ಪ್ರಶ್ನೆ.

ಬೇಡ. ಉತ್ತರಪಾರಾದಲ್ಲಿ 1958ರಿಂದ ತಯಾರಾದ ಈ ಕಾರಿನ ಹಳೆಯ ಮಾದರಿಗಳಲ್ಲಿ ಡೈನಮೋ ಇರುವುದೇ ಅದರ ಗುರುತು, ಅದನ್ನು ಉಳಿಸಿಕೊಳ್ಳಬಹುದು.

ಮೊದಲು ಬೆಲ್ಟ್ ಬಿಗಿ ಇದೆಯೇ ನೋಡಬೇಕು. ಆಮೇಲೆ ಡೈನಮೋ ಬಿಚ್ಚಿದರೆ ಬಹುಪಾಲು ಸಿಗುವುದು ಸವೆದು ಮೋಟಾದ ಕಾರ್ಬನ್ ಬ್ರಷ್, ಕಪ್ಪಾಗಿ ಗೆರೆಬಿದ್ದ ಕಮ್ಯುಟೇಟರ್. ಎರೆಮಣ್ಣಿನ ಧೂಳು ಈ ಸವೆತಕ್ಕೆ ಇನ್ನಷ್ಟು ಕೈಜೋಡಿಸುತ್ತದೆ. ಗೆರೆ ಆಳವಾಗಿದ್ದರೆ ಲೇಥ್‌ನಲ್ಲಿ ತೆಳುವಾಗಿ ಕಡೆಸಿ, ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ತಗ್ಗಿಸಬೇಕು. ಇದನ್ನು ಬಿಟ್ಟರೆ ತಾಮ್ರ ಸವೆದಂತೆ ಅಭ್ರಕ ಮೇಲೆದ್ದು, ಹೊಸ ಬ್ರಷ್ ಕುಣಿದು ಕಿಡಿ ಹಾರುತ್ತದೆ. ನಯಗೊಳಿಸಲು ಗಾಜಿನ ಕಾಗದ ಸಾಕು, ಎಮರಿ ಬೇಡ. ಅದರ ಕಣಗಳು ಸಂದಿಯಲ್ಲಿ ಕೂತು ಶಾರ್ಟ್ ಆಗಬಹುದು.

ಹತ್ತಿರದ ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಮಗ್ಗದ ಮೋಟಾರ್ ಸುತ್ತುವ ಕೈ ಪಳಗಿದ್ದರೂ, ಆ ಮೋಟಾರುಗಳಲ್ಲಿ ಸಾಮಾನ್ಯವಾಗಿ ಬ್ರಷ್ ಇರುವುದಿಲ್ಲ. ಆದ್ದರಿಂದ ಅಭ್ರಕದ ಮಾತನ್ನು ಮೆಕ್ಯಾನಿಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮರುಜೋಡಣೆಯಲ್ಲಿ ಹಿಂಬದಿಯ ಬುಷ್‌ಗೆ ನಾಲ್ಕೇ ಹನಿ ಎಂಜಿನ್ ಆಯಿಲ್ ಸಾಕು, ಹೆಚ್ಚಾದರೆ ಅದು ಕಮ್ಯುಟೇಟರಿಗೆ ಹರಿಯುತ್ತದೆ. ಬೆಲ್ಟ್ ಹಾಕಿದ ಮೇಲೆ, ಎಂಜಿನ್ ಚಾಲೂ ಮಾಡುವ ಮುನ್ನ, ಡೈನಮೋದ ಧ್ರುವತೆ ಸರಿಹೊಂದಿಸಲು ರೆಗ್ಯುಲೇಟರಿನ ‘ಎಫ್’ (ಫೀಲ್ಡ್) ತಂತಿ ಬಿಡಿಸಿ, ಬ್ಯಾಟರಿಯ ಅರ್ತ್ ಆಗದ ತುದಿಯಿಂದ ಡೈನಮೋದ ‘ಎಫ್’ಗೆ ಒಂದು ಕ್ಷಣ ತಂತಿ ಮುಟ್ಟಿಸಬೇಕು.