ಪ್ರಾರ್ಥನೆಯೂ ಇರಲಿ, ಮದ್ದೂ ಇರಲಿ

ಬಂಡೂರಿನ ಸೋದರಿಗೆ, ದಿನವೂ ಪ್ರಾರ್ಥಿಸಿದರೂ ಮನಸ್ಸಿನ ಕತ್ತಲೆ ಸರಿಯುತ್ತಿಲ್ಲ, ನನ್ನ ವಿಶ್ವಾಸವೇ ಪೊಳ್ಳೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಬೈಬಲ್ಲಿನ 88ನೇ ಕೀರ್ತನೆಯನ್ನು ತೆರೆದು ನೋಡಿ. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಭರವಸೆಯತ್ತ ಹೊರಳುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಧರ್ಮಗ್ರಂಥದಿಂದ ಅದನ್ನು ಯಾರೂ ಕಿತ್ತುಹಾಕಲಿಲ್ಲ. ಏಕೆಂದರೆ ಹಾಡುವವನು ದೂರುತ್ತಿರುವುದು ದೇವರ ಮುಂದೆಯೇ. ಕ್ರೈಸ್ತ ಭರವಸೆಗೆ ನಗುಮುಖ ಕಡ್ಡಾಯವಲ್ಲ. ದೇವರೊಡನೆ ಮಾತು ಬಿಡದಿರುವುದೂ ವಿಶ್ವಾಸವೇ.

ಡಾಕ್ಟರ ಬಳಿ ಹೋದರೆ ದೇವರನ್ನು ನಂಬಿಲ್ಲ ಎಂದಂತಾಗುತ್ತದೆ ಎನ್ನುವುದು ನಿಮ್ಮ ಮನೆಯವರ ಆಕ್ಷೇಪ. ಇದಕ್ಕೆ ನಿಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಉತ್ತರವಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಪೂಜೆಯಷ್ಟಕ್ಕೇ ನಿಲ್ಲಲಿಲ್ಲ; ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದರು. ಖಿನ್ನತೆಯೂ ಸಿಡುಬಿನಂತೆ ಕಾಯಿಲೆಯೇ. ಎರಡು ವಾರ ಮೀರಿ ನಿದ್ದೆ, ಊಟ, ಕೆಲಸ ಎಲ್ಲವೂ ಕೆಟ್ಟಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ, ಪಾದ್ರಿಗಳಿಗೂ ತಿಳಿಸಿ. ಸಾಯುವ ಯೋಚನೆ ಬಂದರೆ ಬೆಳಗಾಗಲೆಂದು ಕಾಯದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಾತ್ರೆ ಶುರುಮಾಡಿದರೆ, ಸ್ವಲ್ಪ ಗೆಲುವಾಯಿತೆಂದು ನಡುವೆ ಬಿಡಬೇಡಿ.