ಮರೆಯಾದವನು ಮರೆತವನಲ್ಲ

ಕಷ್ಟಕಾಲದಲ್ಲಿ “ಶಿವನು ನನ್ನನ್ನು ಮರೆತನೇ?” ಎಂಬ ಮಾತು ನಿಷ್ಠಾವಂತರ ಬಾಯಿಂದಲೂ ಬರುವುದುಂಟು. ಕಳೆದ ಶ್ರಾವಣಮಾಸದಲ್ಲಿ ಜಯನಗರದ ವೃದ್ಧ ಮಾತೆಯೊಬ್ಬರು ನನ್ನನ್ನು ಇದನ್ನೇ ಕೇಳಿದರು. ಯಜಮಾನರು ಲಿಂಗೈಕ್ಯರಾಗಿ ವರ್ಷ ತುಂಬಿತ್ತು, ಮಗನು ಪರದೇಶದಲ್ಲಿದ್ದನು. “ಲಿಂಗವನ್ನು ಅಂಗೈಯಲ್ಲಿ ಹಿಡಿದರೂ ಮನಸ್ಸು ಬರಿದಾಗಿಯೇ ಇರುತ್ತದೆ, ಮೇಷ್ಟ್ರೇ. ಪೂಜೆಯನ್ನು ನಿಲ್ಲಿಸಿಬಿಡಲೇ?” ಎಂದರು. ಕರ್ಮಫಲವೆಂದು ಹೇಳಿ ಎದ್ದುಬರುವುದು ಸುಲಭವಾಗಿತ್ತು. ಆದರೆ ಅದು ಅವರ ಅಳಲಿಗೆ ಉತ್ತರವಾಗುತ್ತಿರಲಿಲ್ಲ.

ಈ ಅಳಲು ಬಸವಣ್ಣನವರನ್ನೂ ಬಿಟ್ಟಿಲ್ಲ. ಹರಿಹರ ಮಹಾಕವಿಯು ‘ಬಸವರಾಜದೇವರ ರಗಳೆ’ಯಲ್ಲಿ ಹೇಳಿರುವ ಪ್ರಸಂಗವನ್ನು ನೆನೆಯೋಣ. ಬಾಗೇವಾಡಿಯ ಮನೆಯನ್ನು ತೊರೆದುಬಂದ ಬಸವಣ್ಣನವರಿಗೆ, ಕೃಷ್ಣಾ ಮಲಪ್ರಭಾ ನದಿಗಳು ಕೂಡುವೆಡೆಯ ಸಂಗಮನಾಥನ ಸನ್ನಿಧಿಯೇ ಸರ್ವಸ್ವವಾಗಿತ್ತು. ಅಂಥವರಿಗೆ ಒಂದು ರಾತ್ರಿ ಕನಸಿನಲ್ಲಿ ಸ್ವಾಮಿಯು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆಯಿತ್ತನು. ನಂಬಿದ ಒಡೆಯನೇ ಹೊರಗಟ್ಟುತ್ತಿರುವನೆಂದು ಅವರು ಹಂಬಲಿಸಿ ಅತ್ತರು. ಸ್ವಾಮಿಯು ಆ ಅಳುವಿಗೆ ಮುನಿಯಲಿಲ್ಲ. ಕೂಡ ಬರುವೆನೆಂದು ಅಭಯವಿತ್ತನು. ಮರುದಿನ ನಂದಿಯ ಮುಖದಿಂದ ಹೊರಹೊಮ್ಮಿದ ಲಿಂಗವು ಅವರ ಕರಸ್ಥಲವನ್ನು ಸೇರಿತು. ಗರ್ಭಗುಡಿಯಲ್ಲಿದ್ದವನು ಅಂಗೈಗೆ ಬಂದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಭಯ ದೊರೆತ ಮೇಲೂ ಅವರು ಸಂಗಮವನ್ನು ಬಿಡಲೇಬೇಕಾಯಿತು. ಶಿವಕಾರುಣ್ಯವು ಅಗಲಿಕೆಯನ್ನು ತಪ್ಪಿಸಲಿಲ್ಲ, ಅಗಲಿಕೆಯಲ್ಲಿ ಜೊತೆಯಾಯಿತು.

ಮರೆಯಾಗುವುದು ಬೇರೆ, ಮರೆಯುವುದು ಬೇರೆ. ಶಿವಾಗಮಗಳು ಪರಶಿವನಿಗೆ ಸೃಷ್ಟಿ, ಸ್ಥಿತಿ, ಸಂಹಾರ, ತಿರೋಧಾನ, ಅನುಗ್ರಹಗಳೆಂಬ ಐದು ಕೃತ್ಯಗಳನ್ನು ಹೇಳುತ್ತವೆ. ತಿರೋಧಾನವೆಂದರೆ ಮರೆಯಾಗುವಿಕೆ, ಅದರ ಬೆನ್ನಿಗೇ ಅನುಗ್ರಹವಿದೆ. ಮರೆವೆಂಬುದು ಈ ಐದರಲ್ಲಿ ಇಲ್ಲ. ಮೋಡ ಕವಿದ ದಿನ ಸೂರ್ಯನು ಕಾಣನು. ಆದರೂ ಹಗಲು ಹಗಲೇ ಆಗಿರುತ್ತದೆ.

ಆದುದರಿಂದ ಸದ್ಭಕ್ತರು ಮಾಡಬೇಕಾದುದೇನು? ಮೊದಲನೆಯದಾಗಿ, ದುಃಖವನ್ನು ಲಿಂಗದೇವನ ಮುಂದೆಯೇ ಮುಚ್ಚುಮರೆಯಿಲ್ಲದೆ ತೋಡಿಕೊಳ್ಳಬೇಕು. ಹಾಗೆ ಕೇಳುವುದು ಅಪಚಾರವಲ್ಲ. ಇದ್ದಾನೆಂದು ನಂಬಿದವರೇ ಅವನೊಡನೆ ಜಗಳವಾಡುವರು. ಎರಡನೆಯದಾಗಿ, ಮನಸ್ಸಿಗೆ ರುಚಿಯಿಲ್ಲವೆಂದು ನಿತ್ಯಪೂಜೆಯನ್ನು ಬಿಡಬಾರದು. ಜ್ವರ ಬಂದವನಿಗೆ ಗಂಜಿ ರುಚಿಸದು. ಆದರೂ ಜೀವ ಹಿಡಿಯುವುದು ಆ ಗಂಜಿಯಿಂದಲೇ. ಮೂರನೆಯದು, ದುಃಖವಿಲ್ಲದ ನಮಗೆ ಹೇಳಿದ್ದು. ಜಂಗಮದಲ್ಲಿ ಲಿಂಗವನ್ನು ಕಾಣುವ ಧರ್ಮ ನಮ್ಮದು. ಬನಶಂಕರಿ, ಜೆ.ಪಿ. ನಗರಗಳ ಮಹಡಿಮನೆಗಳಲ್ಲಿ ಪಕ್ಕದ ಬಾಗಿಲ ಹಿಂದೆ ಒಬ್ಬರೇ ಕುಳಿತವರೆಷ್ಟೋ! ಶಿವನ ಕರುಣೆಯು ನಮ್ಮ ಕಾಲಿನಿಂದ ಅವರ ಹೊಸ್ತಿಲಿಗೆ ನಡೆಯಬೇಕಾಗಿದೆ. ನಾವು ಹೋಗದೆ ಉಳಿದರೆ, ಮರೆತವರು ನಾವು. ಅಪವಾದ ಮಾತ್ರ ಶಿವನಿಗೆ.

ಆ ತಾಯಿಗೆ ನಾನು ಹೇಳಿದುದೂ ಇಷ್ಟೇ. ಅಂದಿನಿಂದ ನೆರೆಯ ಇಬ್ಬರು ಶರಣೆಯರು ಪ್ರತಿ ಸೋಮವಾರ ಅವರ ಮನೆಗೆ ಹೋಗಿ ಜೊತೆಯಲ್ಲಿ ಪೂಜೆಗೆ ಕುಳಿತುಕೊಳ್ಳುತ್ತಾರೆ. ಮೊನ್ನೆ ಕಂಡಾಗ ಆ ತಾಯಿ, “ಮನಸ್ಸು ಇನ್ನೂ ತುಂಬಿಲ್ಲ, ಮೇಷ್ಟ್ರೇ. ಆದರೆ ಕೈ ಬರಿದಾಗಿಲ್ಲ” ಎಂದರು.