ಎಡಗೈ ಬೆರಳಿನ ಆತುರ

ಅಳಿಯಾ, ನೀನು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ ದಿನ ನಾನು ಹೆಚ್ಚು ಮಾತಾಡಲಿಲ್ಲ. ನಿಮ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಾಗಿತ್ತು. ಅಂಥ ಹೊತ್ತಿನಲ್ಲಿ ಉಪದೇಶ ಬೇಡವೆನಿಸಿತು. ಆದರೆ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೊರಟೆಯಲ್ಲ, ಆಗ ನಿನ್ನ ಕೈಯನ್ನೇ ನೋಡುತ್ತಿದ್ದೆ. ತಿರುವು ಕಂಡ ಕೂಡಲೆ ಸ್ಟೇರಿಂಗ್ ಹಿಂದಿನ ಎಡ ಪ್ಯಾಡಲನ್ನು ಟಕ್ ಟಕ್ ಎಂದು ಎರಡು ಸಲ ಎಳೆಯುತ್ತಿದ್ದೆ. ಎಂಜಿನ್ ಗುಟುರು ಹಾಕುತ್ತಿತ್ತು, ನಿನ್ನ ಮುಖ ಅರಳುತ್ತಿತ್ತು. ಬ್ರೇಕಿನ ಮೇಲೆ ಕಾಲು ಬರುತ್ತಿದ್ದುದು ಅದಾದ ಮೇಲೆ. ಆ ಕ್ರಮ ತಿರುಗುಮುರುಗಾಗಿದೆ, ಮಾರಾಯ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡವನಿಗೆ ಅದನ್ನು ಕಂಡೂ ಸುಮ್ಮನಿರಲು ಆಗುವುದಿಲ್ಲ.

ನೀನು ಇಷ್ಟು ದಿನ ಓಡಿಸಿದ್ದು ಪೋಲೋ ಜಿಟಿ. ಅದು ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಈಗ ತಂದಿರುವುದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 328ಐ. ಎರಡು ಲೀಟರಿನ ಟರ್ಬೋ ಎಂಜಿನ್, 245 ಕುದುರೆ, ಎಂಟು ಗೇರಿನ ಝಡ್‌ಎಫ್ ಆಟೋಮ್ಯಾಟಿಕ್, ಮತ್ತು ಇದು ಹಿಂದಿನ ಚಕ್ರದಿಂದ ತಳ್ಳುವ ಗಾಡಿ. ಈ ಕಡೆಯ ಮಾತು ತಲೆಯಲ್ಲಿರಲಿ, ಮುಂದೆ ಅದಕ್ಕೇ ಬರುತ್ತೇನೆ. ಗೇರಿನ ಹಿಡಿಯಲ್ಲೂ ಒಂದು ವ್ಯತ್ಯಾಸವಿದೆ. ಪೋಲೋದಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಗೇರು ಏರುತ್ತಿತ್ತು. ಇದರಲ್ಲಿ ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಬ್ರೇಕ್ ಹಿಡಿದಾಗ ಮೈ ಮುಂದಕ್ಕೆ ವಾಲುತ್ತದೆ, ಆಗ ತಳ್ಳುವುದೇ ಸಲೀಸು. ರೇಸಿನವರ ಅಭ್ಯಾಸವೂ ಅದೇ. ಆದರೆ ಹಳೆಯ ಗಾಡಿಯ ಅಭ್ಯಾಸ ಕೈಯಿಂದ ಬೇಗ ಬಿಡುವುದಿಲ್ಲ. ಗಾಬರಿಯಲ್ಲಿ ಗೇರು ಏರಿಸಲು ಹೋಗಿ ಇಳಿಸಿಬಿಟ್ಟೀಯೆ. ಆರು ತಿಂಗಳು ಹಿಡಿಯನ್ನು ಮುಟ್ಟಲೇಬೇಡ, ಪ್ಯಾಡಲ್ ಒಂದನ್ನೇ ಬಳಸು.

ಪ್ಯಾಡಲ್ ಹುಟ್ಟಿದ್ದೇ ಕೈ ಸ್ಟೇರಿಂಗ್ ಬಿಡದಿರಲಿ ಎಂದು. 1989ರಲ್ಲಿ ಫೆರಾರಿಯವರು ತಮ್ಮ 640 ರೇಸ್ ಕಾರಿಗೆ ಅದನ್ನು ಇಟ್ಟರು. ಬ್ರೆಜಿಲಿನ ಮೊದಲ ಓಟದಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದ. ಅಲ್ಲಿ ಅದನ್ನು ಎಳೆಯುತ್ತಿದ್ದವರು ಎಲ್ಲಿ, ಯಾವ ವೇಗದಲ್ಲಿ, ಯಾವ ಗೇರು ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದವರು. ನಿನ್ನ ಕೈಗೆ ಸಲಕರಣೆ ಬಂದಿದೆ, ಪಾಠ ಇನ್ನೂ ಬಂದಿಲ್ಲ.

ಆ ಪಾಠ ಒಂದು ಲೆಕ್ಕದಿಂದ ಶುರುವಾಗುತ್ತದೆ. ನಮ್ಮ ಹಳೇ ಮನೆಯ ಅಟ್ಟದ ಮೆಟ್ಟಿಲು ನೆನಪಿದೆಯಲ್ಲ? ಮೇಲಿನವು ಗಿಡ್ಡ, ಕೆಳಗಿನ ಎರಡು ಮಾತ್ರ ಮೊಣಕಾಲೆತ್ತರ. ಕತ್ತಲಲ್ಲಿ ಇಳಿದವರೆಲ್ಲ ಬೀಳುತ್ತಿದ್ದುದು ಆ ಕೊನೆಯ ಎರಡರಲ್ಲೇ. ನಿನ್ನ ಗೇರ್ ಬಾಕ್ಸೂ ಹಾಗೇ ಇದೆ. ನಾಲ್ಕನೇ ಗೇರಿನ ಅನುಪಾತ 1.67, ಮೂರನೆಯದು 2.11, ಎರಡನೆಯದು 3.14, ಒಂದನೆಯದು 4.71. ಎಂಟರಿಂದ ಮೂರರವರೆಗೆ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎಂಜಿನ್ ಸುಮಾರು ಒಂದೂಕಾಲು ಪಟ್ಟು ಜೋರಾಗಿ ತಿರುಗುತ್ತದೆ. ಮೂರರಿಂದ ಎರಡಕ್ಕೆ ಬಂದರೆ ಒಂದೇ ಏಟಿಗೆ ಒಂದೂವರೆ ಪಟ್ಟು. ನಾಲ್ಕರಲ್ಲಿ 4000 ಇದ್ದದ್ದು ಮೂರಕ್ಕೆ 5000 ಆಗುತ್ತದೆ, ಚಿಂತೆಯಿಲ್ಲ. ಮೂರರಲ್ಲಿ 4000 ಇದ್ದದ್ದು ಎರಡಕ್ಕೆ ಸುಮಾರು 6000. ಮೂರರಲ್ಲಿ 4800 ಇದ್ದರೆ ಎರಡರಲ್ಲಿ 7100 ದಾಟುತ್ತದೆ. ನಿನ್ನ ಮೀಟರಿನ ಕೆಂಪು ಗೆರೆ 7000ಕ್ಕೆ. ಪ್ಯಾಡಲ್ ಎಳೆಯುವಾಗ ಬೆರಳಿಗೆ ಈ ಎರಡೂ ಮೆಟ್ಟಿಲು ಒಂದೇ ಥರ ತಿಳಿಯುತ್ತವೆ. ಅದಕ್ಕೇ ಈ ಲೆಕ್ಕ ನಿನ್ನ ತಲೆಯಲ್ಲಿರಬೇಕು.

‘ಮಾವ, ಕಂಪ್ಯೂಟರ್ ಇದೆಯಲ್ಲ, ಅದು ಬಿಡುವುದಿಲ್ಲ’ ಎಂದೆ ಅವತ್ತು. ನಿಜ, ಬಿಡುವುದಿಲ್ಲ. ಪ್ಯಾಡಲ್ ಎಳೆಯುವುದೆಂದರೆ ಗೇರ್ ಬಾಕ್ಸಿಗೆ ಅರ್ಜಿ ಹಾಕಿದ ಹಾಗೆ. ಎಂಜಿನ್ ಕೆಂಪು ಗೆರೆ ದಾಟುತ್ತದೆ ಅನ್ನಿಸಿದರೆ ಅದು ಅರ್ಜಿಯನ್ನು ವಾಪಸ್ ಕಳಿಸುತ್ತದೆ. ಕೈಗೇರಿನ ಗಾಡಿಗೆ ಆ ಕಾವಲು ಇರಲಿಲ್ಲ. ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ತುರುಕಿದವರ ಎಂಜಿನ್‌ಗಳನ್ನು ನಾನು ಬಿಚ್ಚಿದ್ದೇನೆ. ಪಿಸ್ಟನ್ ಬಡಿದು ವಾಲ್ವುಗಳೆಲ್ಲ ಸೊಟ್ಟಗಾಗಿರುತ್ತಿದ್ದವು. ಆ ಅನಾಹುತ ನಿನಗಿಲ್ಲ, ಒಪ್ಪಿದೆ.

ನನಗೆ ಭಯವಿರುವುದು ಅದು ಒಪ್ಪಿಕೊಳ್ಳುವ ಅರ್ಜಿಗಳ ಬಗ್ಗೆ. ಮೂರರಲ್ಲಿ 4500 ಇದ್ದಾಗ ಎರಡು ಕೇಳಿದರೆ 6700 ಆಗುತ್ತದೆ, ಕೆಂಪು ಗೆರೆಗಿಂತ ಕೆಳಗೇ ಇದೆ, ಕೊಟ್ಟುಬಿಡುತ್ತದೆ. ಎಂಜಿನ್ ಉಳಿಯಿತು. ರಸ್ತೆ ಒದ್ದೆಯಿದೆಯೇ, ಟೈರು ಸವೆದಿದೆಯೇ, ನೀನು ಆಗಲೇ ಸ್ಟೇರಿಂಗ್ ತಿರುಗಿಸಿದ್ದೀಯೇ ಎಂದು ಅದು ವಿಚಾರಿಸುವುದಿಲ್ಲ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಸರಿಯಾಗಿ ಅದೇ ಗಳಿಗೆಯಲ್ಲಿ ನೀನು ಎಂಜಿನ್ನಿನ ಎಳೆತವನ್ನೆಲ್ಲ ಆ ಹಗುರಾದ ಎರಡು ಚಕ್ರದ ಮೇಲೆ ಹೇರುತ್ತೀಯೆ. ಇದು ಮೆಲ್ಲಗೆ ಹ್ಯಾಂಡ್‌ಬ್ರೇಕ್ ಎಳೆದಂತೆಯೇ. ಬ್ರೇಕಿನಿಂದ ಚಕ್ರ ಕಚ್ಚಿಕೊಂಡರೆ ಎಬಿಎಸ್ ಬಿಡಿಸುತ್ತದೆ. ಎಂಜಿನ್ನಿನ ಎಳೆತದಿಂದ ಕಚ್ಚಿಕೊಂಡರೆ ಬ್ರೇಕ್ ಸಡಿಲಿಸಿದರೂ ಚಕ್ರ ಬಿಟ್ಟುಕೊಳ್ಳುವುದಿಲ್ಲ. ಗಾಡಿ ಜಾರದಂತೆ ನೋಡಿಕೊಳ್ಳುವ ಡಿಎಸ್‌ಸಿ ಆನ್ ಇದ್ದರೆ ತಾನೇ ಒಂದಿಷ್ಟು ಎಕ್ಸಿಲರೇಟರ್ ಕೊಟ್ಟು ಸಂಭಾಳಿಸಲು ನೋಡುತ್ತದೆ. ಆ ಗುಂಡಿಯನ್ನು ಯಾರು ಏನೇ ಹೇಳಿದರೂ ರಸ್ತೆಯಲ್ಲಿ ಆಫ್ ಮಾಡಕೂಡದು.

ಇದು ಪುಸ್ತಕದ ಮಾತಲ್ಲ. ಒಂದು ಜುಲೈನಲ್ಲಿ ಗಿರಾಕಿಯೊಬ್ಬರ ಹಿಂಚಕ್ರದ ಗಾಡಿಯನ್ನು ರಿಪೇರಿ ಮಾಡಿ, ನೋಡೋಣವೆಂದು ಘಾಟಿ ಇಳಿಸುತ್ತಿದ್ದೆ. ಮಳೆ ಸಣ್ಣಗೆ ಹನಿಯುತ್ತಿತ್ತು, ರಸ್ತೆಯ ಮೇಲೆ ಕೊಳೆತ ಎಲೆ. ತಿರುವಿಗೆ ಸ್ಟೇರಿಂಗ್ ಕೊಟ್ಟ ಮೇಲೆ ಗೇರು ಜಾಸ್ತಿಯಾಯಿತು ಅನ್ನಿಸಿ ಒಂದು ಇಳಿಸಿದೆ. ಹಿಂಭಾಗ ಸದ್ದಿಲ್ಲದೆ ಪಕ್ಕಕ್ಕೆ ಹೋಯಿತು. ತಡೆಗೋಡೆಗೂ ಗಾಡಿಗೂ ಒಂದು ಮೊಳ ಉಳಿದಿರಬೇಕು. ಎದುರಿಂದ ಯಾರೂ ಬರುತ್ತಿರಲಿಲ್ಲ, ಅದೊಂದೇ ಕಾರಣಕ್ಕೆ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ. ನಿಮ್ಮಮ್ಮನಿಗೆ ಈವರೆಗೂ ಹೇಳಿಲ್ಲ.

ಹಾಗಾಗಿ ಮೊದಲು ಬ್ರೇಕು, ಅದೂ ಗಾಡಿ ನೆಟ್ಟಗಿರುವಾಗ. ಗಟ್ಟಿಯಾಗಿ ಹಿಡಿ, ವೇಗ ಬೀಳಲಿ, ಆರ್‌ಪಿಎಂ ಮುಳ್ಳು 3000ದ ಆಚೀಚೆ ಬರಲಿ. ಆಮೇಲೆ ಒಂದು ಸಲ ಪ್ಯಾಡಲ್ ಎಳೆ. ಎಂಜಿನ್ ಒಂದು ಚಿಕ್ಕ ಗುಟುರು ಹಾಕಿ ತಾನೇ ಹೊಂದಿಕೊಳ್ಳುತ್ತದೆ. ಆ ಸದ್ದು ಕಿವಿಗೆ ಬಿದ್ದು, ಮೀಟರಿನಲ್ಲಿ ಅಂಕಿ ಬದಲಾಗಿದ್ದು ಕಣ್ಣಿಗೆ ಕಂಡ ಮೇಲೆ, ಬೇಕಿದ್ದರೆ ಇನ್ನೊಂದು. ನೀನು ಮಾಡುವ ‘ಟಕ್ ಟಕ್’ ಬೇಡ. ಎರಡರಲ್ಲಿ ಒಂದನ್ನು ಅದು ತಿರಸ್ಕರಿಸಿದರೆ ನೀನು ಎರಡನೇ ಗೇರಿನಲ್ಲಿದ್ದೇನೆ ಎಂದುಕೊಂಡಿರುತ್ತೀಯೆ, ಗಾಡಿ ಮೂರರಲ್ಲೇ ಇರುತ್ತದೆ. ನಂಬಿದ ಎಳೆತ ಸಿಗದಿದ್ದಾಗಲೇ ಕಾಲು ಗಾಬರಿಯಿಂದ ಬ್ರೇಕಿಗೆ ಬೀಳುವುದು. ಸ್ಟೇರಿಂಗ್ ತಿರುಗಿಸುವ ಹೊತ್ತಿಗೆ ಗೇರಿನ ಕೆಲಸವೆಲ್ಲ ಮುಗಿದಿರಬೇಕು. ನಿನ್ನ ಗಾಡಿಯ ಪ್ಯಾಡಲ್ ಸ್ಟೇರಿಂಗ್ ಜೊತೆಗೇ ತಿರುಗುವಂಥದ್ದು. ಹೇರ್‌ಪಿನ್ ನಡುವೆ ಎಡದ್ದು ಬಲಕ್ಕಿರುತ್ತದೆ, ಹುಡುಕಲು ಹೋದರೆ ಕಣ್ಣು ರಸ್ತೆ ಬಿಡುತ್ತದೆ.

ಗೇರು ಇಳಿಸಿದರೆ ಬ್ರೇಕ್ ಪ್ಯಾಡು ಉಳಿಯುತ್ತದೆ ಎಂದು ನಿನ್ನ ಗೆಳೆಯ ಹೇಳಿದನಂತೆ. ಪ್ಯಾಡಿಗೆ ಸಾವಿರಗಳ ಲೆಕ್ಕ, ಗೇರ್ ಬಾಕ್ಸಿಗೆ ಲಕ್ಷಗಳ ಲೆಕ್ಕ. ಸವೆಯಲೆಂದೇ ಮಾಡಿದ್ದನ್ನು ಸವೆಯಲು ಬಿಡು.

ಆಗುಂಬೆಯಂಥ ಘಾಟಿ ಇಳಿಯುವಾಗ ಮಾತ್ರ ಮಾತು ಸ್ವಲ್ಪ ಬೇರೆ. ಹದಿನಾಲ್ಕು ಹೇರ್‌ಪಿನ್, ಸೋಮೇಶ್ವರದವರೆಗೆ ಉಸಿರು ಬಿಡಲು ಜಾಗವಿಲ್ಲ. ಅಲ್ಲಿ ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಬಿಸಿಯಾಗುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ ಗಾಳಿಗೆ ತೇವದ ಬರವೇ? ಕುದಿದರೆ ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಹಳೆಯ ಲಾರಿ ಡ್ರೈವರುಗಳು ಹತ್ತುವ ಗೇರಿನಲ್ಲೇ ಇಳಿ ಎನ್ನುತ್ತಿದ್ದುದು. ಇಳಿಜಾರು ಶುರುವಾಗುವ ಮೊದಲೇ, ನಿಧಾನವಾಗಿರುವಾಗಲೇ, ಎರಡನೇ ಗೇರಿಗೆ ಬಂದುಬಿಡು. ವೇಗ ಕಡಿಮೆ ಮಾಡುವುದು ಬ್ರೇಕು, ಕಡಿಮೆಯಾದ ವೇಗವನ್ನು ಹಿಡಿದಿಡುವುದು ಗೇರು. ಓಡುವ ಗಾಡಿಯನ್ನು ಇಳಿಜಾರಿನ ನಡುವೆ ಮೇಲಿನ ಆರ್‌ಪಿಎಂನಲ್ಲಿ ಕೆಳಗಿನ ಗೇರಿಗೆ ತಳ್ಳಿದರೆ, ಆಮೇಲೆ ಅದರ ತೂಕವೇ ಎಂಜಿನನ್ನು ಇನ್ನೂ ಮೇಲಕ್ಕೆ ತಿರುಗಿಸುತ್ತದೆ. ಪೆಟ್ರೋಲ್ ನಿಲ್ಲಿಸಬಲ್ಲ ಕಂಪ್ಯೂಟರಿಗೆ ಬೆಟ್ಟದ ಇಳಿಜಾರನ್ನು ನಿಲ್ಲಿಸಲಾಗದು.

ನ್ಯೂಟ್ರಲ್ ಹಾಕಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಗೇರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂದಿನ ಎಂಜಿನ್‌ಗೆ ಪೆಟ್ರೋಲೇ ಹೋಗುವುದಿಲ್ಲ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ.

ಇನ್ನೊಂದು, ಗಾಡಿ ಕೊಟ್ಟವರು ‘ಗೇರ್ ಆಯಿಲ್ ಲೈಫ್‌ಟೈಮ್, ಬದಲಿಸುವುದೇ ಬೇಡ’ ಎಂದರಂತೆ. ಆ ಗೇರ್ ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತಾರೆ. ನಿನ್ನದು ಎರಡೂ ಲೆಕ್ಕದಲ್ಲಿ ದಾಟಿದೆ. ಎರಡರಿಂದ ಒಂದಕ್ಕೆ ಬರುವಾಗ ಅವತ್ತು ಸಣ್ಣದೊಂದು ಜಗ್ಗು ಬಂತು, ನಿನಗೆ ತಿಳಿಯಿತೋ ಇಲ್ಲವೋ. ಬ್ರೇಕ್ ಆಯಿಲೂ ಅದರ ಜೊತೆಗೇ ಆಗಲಿ.

ಗುಟುರಿನ ಸದ್ದು ಕೇಳುವ ಆಸೆ ನನಗೆ ಅರ್ಥವಾಗುತ್ತದೆ, ನನ್ನ ಕಿವಿಗೂ ಅದು ಹಿತವೇ. ಅದಕ್ಕೆ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ರೇಸ್ ಟ್ರ್ಯಾಕ್ ಇದೆ. ಅಲ್ಲಿ ಎದುರಿಂದ ಹಾಲಿನ ವ್ಯಾನು ಬರುವುದಿಲ್ಲ, ಶಾಲೆಗೆ ನಡೆದು ಹೋಗುವ ಮಕ್ಕಳಿರುವುದಿಲ್ಲ. ದುಡ್ಡು ಕಟ್ಟಿ ಹೋಗು, ನಾನೂ ಬರುತ್ತೇನೆ.

ಅದಕ್ಕೆ ಮುಂಚೆ ಈ ಭಾನುವಾರ ಬೆಳಿಗ್ಗೆ ಆರಕ್ಕೆ ಬಾ. ಘಾಟಿಗೆ ಬೇಡ, ಗಾಡಿಗಳಿಲ್ಲದ ನೇರ ರಸ್ತೆ ಒಂದು ನೋಡಿಟ್ಟಿದ್ದೇನೆ. ಎಂಜಿನ್ ಬಿಸಿಯಾಗುವವರೆಗೆ ಸುಮ್ಮನೆ ಓಡಿಸೋಣ. ಆಮೇಲೆ ನಾಲ್ಕರಿಂದ ಮೂರು, ಮೂರರಿಂದ ಎರಡು, ಮತ್ತೆ ಮತ್ತೆ. ಎಳೆಯುವ ಮೊದಲು ಮುಳ್ಳು ಎಷ್ಟಕ್ಕೆ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು, ನಾನು ಮೀಟರ್ ನೋಡುತ್ತೇನೆ. ಹತ್ತಕ್ಕೆ ಹತ್ತು ಸಲ ಸರಿಯಾದ ಮೇಲೆ ತಿಂಡಿ.